ನಿಸ್ತಂತು ಜಾಲದಲ್ಲಿ ಜೋಡಿ ವಿಳಾಸಗಳು: ಒಂದು ದೋಷಪರಿಶೀಲನೆ

ಈ ಲೇಖನದ ವಿಷಯವು ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಬರೆಯತಕ್ಕದ್ದಲ್ಲವೆಂದು ಕೆಲವು ವಾಚಕರಿಗೆ ತೋರಬಹುದು. ವೈಫೈ, ಕಂಟ್ರೋಲರ್, ವಿ-ಲ್ಯಾನ್ ಮುಂತಾದ ಮಾತುಗಳು ಕಂಪ್ಯೂಟರ್ ವಿಜ್ಞಾನದ ಪಠ್ಯಕ್ಕೆ ಸೇರಿದವು. ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿರುವವನಿಗೆ ಅಲ್ಲೇನು ಕೆಲಸವೆಂದು ಕೇಳುವುದು ಸಹಜವೇ. ಆದರೆ ನಾನು ಹೇಳಹೊರಟಿರುವ ದೋಷವು ವಿದ್ಯುತ್ತಿನದಲ್ಲ, ತರಂಗಗಳದೂ ಅಲ್ಲ. ಅದು ಹೆಸರಿನ ದೋಷ, ದಾಖಲೆಪುಸ್ತಕದ ದೋಷ. ಎರಡು ಯಂತ್ರಗಳಿಗೆ ಒಂದೇ ಹೆಸರಿದ್ದು, ಆ ಹೆಸರನ್ನು ಬರೆದಿಡುವ ಪುಸ್ತಕದಲ್ಲಿ ಒಂದೇ ಸಾಲಿಗೆ ಸ್ಥಳವಿದ್ದರೆ ಏನಾಗುತ್ತದೆ, ಅದನ್ನು ಕಂಡುಹಿಡಿಯುವ ಬಗೆ ಯಾವುದು, ಕಂಡುಹಿಡಿಯದೆ ಹೋದರೆ ನಿರಪರಾಧಿಯ ಗತಿಯೇನಾಗಬಹುದು ಎಂಬುದೇ ಇಲ್ಲಿಯ ವಿಚಾರ. ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಎರಡು ವರ್ಷಗಳಿಂದ ಸಂಜೆಯ ಹೊತ್ತು ಸಹಾಯಕ್ಕೆ ಕೂರುತ್ತಿರುವುದರಿಂದ ಇದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತು.

ಜಾಲವನ್ನು ಸೇರುವ ಪ್ರತಿಯೊಂದು ಉಪಕರಣಕ್ಕೂ, ಅದು ಮೊಬೈಲಾಗಲಿ, ಲ್ಯಾಪ್‌ಟಾಪಾಗಲಿ, ಪ್ರಿಂಟರಾಗಲಿ, ಎರಡು ವಿಳಾಸಗಳಿರುತ್ತವೆ. ಒಂದು ಐ.ಪಿ. ವಿಳಾಸ. ಇದು ಬಾಡಿಗೆಯ ಮನೆಯಿದ್ದಂತೆ. ಜಾಲ ಬದಲಾದರೆ ಇದೂ ಬದಲಾಗುತ್ತದೆ. ಇನ್ನೊಂದು ಯಂತ್ರಾಂಶ ವಿಳಾಸ. ಇದಕ್ಕೆ ಮ್ಯಾಕ್ ವಿಳಾಸವೆಂಬುದು ರೂಢಿಯ ಹೆಸರು. ಉಪಕರಣವು ತಯಾರಾಗುವ ಕಾರ್ಖಾನೆಯಲ್ಲಿಯೇ ಇದನ್ನು ಅದರ ಚಿಪ್ಪಿನೊಳಗೆ ಬರೆದಿರುತ್ತಾರೆ. ಇದು ೪೮ ಬಿಟ್ಟುಗಳ ಒಂದು ಸಂಖ್ಯೆ. ಬರವಣಿಗೆಯಲ್ಲಿ ಇದನ್ನು ಹನ್ನೆರಡು ಅಂಕಗಳಾಗಿ ಕಾಣಿಸುತ್ತಾರೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಸಾಲದೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಅಕ್ಷರಗಳನ್ನೂ ಅಂಕಗಳಾಗಿ ಬಳಸುತ್ತಾರೆ. ಮೊದಲ ಆರು ಅಂಕಗಳು ತಯಾರಕನನ್ನು ಸೂಚಿಸುತ್ತವೆ. ಇವನ್ನು ಹಂಚಿಕೊಡುವುದು ಐ.ಇ.ಇ.ಇ. ಎಂಬ ಸಂಸ್ಥೆ. ಉಳಿದ ಆರನ್ನು ತಯಾರಕನೇ ಒಂದೊಂದು ಉಪಕರಣಕ್ಕೆ ಒಂದೊಂದರಂತೆ ಕೊಡಬೇಕು. ಹೀಗೆ ಒಂದು ಹಂಚಿಕೆಯೊಳಗೆ ೧,೬೭,೭೭,೨೧೬ ಉಪಕರಣಗಳಿಗೆ ಹೆಸರಿಡಬಹುದು. ಒಟ್ಟು ಸಂಖ್ಯೆಗಳನ್ನು ಲೆಕ್ಕ ಹಾಕಿದರೆ ಸುಮಾರು ೨೮೧ ಲಕ್ಷ ಕೋಟಿಯಾಗುತ್ತದೆ. ಇಷ್ಟೊಂದು ಸಂಖ್ಯೆಗಳಿರುವಾಗ ಎರಡು ಯಂತ್ರಗಳಿಗೆ ಒಂದೇ ಬರುವುದೆಂತು ಎಂದು ಯಾರಾದರೂ ಕೇಳಿಯಾರು. ಬರುವುದುಂಟು, ಅದನ್ನೇ ಮುಂದೆ ಹೇಳುತ್ತೇನೆ.

ಈ ಸಂಖ್ಯೆಯ ಹುಟ್ಟಿನ ಕಥೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಏಕೆಂದರೆ ನಮ್ಮ ದೋಷದ ಬೇರು ಅಲ್ಲಿಯೇ ಇದೆ. ೧೯೭೩ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ಈಥರ್‌ನೆಟ್ ಹುಟ್ಟಿತು. ಆ ಮೊದಲ ಪ್ರಯೋಗದಲ್ಲಿ ಯಂತ್ರದ ವಿಳಾಸಕ್ಕೆ ಎಂಟೇ ಬಿಟ್ಟುಗಳು. ಅಂದರೆ ಒಂದು ಜಾಲದಲ್ಲಿ ೨೫೬ ಸಂಖ್ಯೆಗಳು ಮಾತ್ರ. ಯಾವ ಯಂತ್ರಕ್ಕೆ ಯಾವ ಸಂಖ್ಯೆ ಎಂಬುದನ್ನು ಮನುಷ್ಯರೇ ನೋಡಿಕೊಳ್ಳಬೇಕಾಗಿತ್ತು. ೧೯೮೦ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಝೆರಾಕ್ಸ್ ಕಂಪನಿಗಳು ಕೂಡಿ ಪ್ರಕಟಿಸಿದ ನಿಯಮಾವಳಿಯಲ್ಲಿ ಇದು ೪೮ ಬಿಟ್ಟುಗಳಾಯಿತು. ಹೀಗೇಕೆ ಮಾಡಬೇಕಾಯಿತೆಂಬುದನ್ನು ಯೋಗೆನ್ ದಲಾಲ್ ಮತ್ತು ರಾಬರ್ಟ್ ಪ್ರಿಂಟಿಸ್ ಎಂಬ ಇಬ್ಬರು ೧೯೮೧ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಇವರಲ್ಲಿ ದಲಾಲ್ ಅವರು ಮುಂಬಯಿಯ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋದವರೆಂಬುದನ್ನು ಇಲ್ಲಿ ಸಂತೋಷದಿಂದ ನೆನೆಯಬಹುದು. ಅವರ ಅಭಿಪ್ರಾಯದ ಸಾರವೇನೆಂದರೆ, ಸಂಖ್ಯೆಯು ಯಂತ್ರದ್ದು, ಜಾಲದ್ದಲ್ಲ. ಯಂತ್ರವನ್ನು ಒಂದು ಜಾಲದಿಂದ ಇನ್ನೊಂದಕ್ಕೆ ಒಯ್ದರೂ ಅದರ ಸಂಖ್ಯೆ ಬದಲಾಗಬಾರದು. ಒಂದು ಯಂತ್ರವು ಏಕಕಾಲದಲ್ಲಿ ಎರಡು ಜಾಲಗಳಿಗೆ ಸೇರಿದ್ದರೆ ಎರಡರಲ್ಲಿಯೂ ಅದೇ ಸಂಖ್ಯೆಯಿಂದಲೇ ಗುರುತಿಸಿಕೊಳ್ಳಬೇಕು. ಸನ್ ಮೈಕ್ರೊಸಿಸ್ಟಮ್ಸ್ ಕಂಪನಿಯ ಗಣಕಗಳು ಬಹುಕಾಲ ಇದೇ ಪದ್ಧತಿಯನ್ನು ಅನುಸರಿಸಿ ತಮ್ಮ ಎಲ್ಲ ಜಾಲದ್ವಾರಗಳಿಗೂ ಒಂದೇ ಸಂಖ್ಯೆಯನ್ನು ಹೇಳುತ್ತಿದ್ದವು. ಇಂದಿಗೂ ಅನೇಕ ರೌಟರುಗಳು ತಾವು ಕಾಯುವ ಎಲ್ಲ ವಿ-ಲ್ಯಾನುಗಳಲ್ಲಿಯೂ ಒಂದೇ ಮ್ಯಾಕ್ ವಿಳಾಸದಿಂದ ವ್ಯವಹರಿಸುತ್ತವೆ. ಆದುದರಿಂದ ಎರಡು ಜಾಲಗಳಲ್ಲಿ ಒಂದೇ ಸಂಖ್ಯೆ ಕಂಡಿತೆಂಬ ಮಾತ್ರಕ್ಕೆ ಅಲ್ಲಿ ದೋಷವಿದೆಯೆಂದು ಹೇಳಲಾಗದು. ಮೋಸವಿದೆಯೆಂದಂತೂ ಮೊದಲೇ ಹೇಳಲಾಗದು.

ವಿ-ಲ್ಯಾನ್ ಎಂದರೆ ಕಲ್ಪಿತ ಜಾಲ. ತಂತಿ, ಸ್ವಿಚ್ಚುಗಳೆಲ್ಲ ಒಂದೇ ಆದರೂ ಪ್ರತಿಯೊಂದು ಸಂದೇಶಕ್ಕೂ ಒಂದು ಕ್ರಮಾಂಕದ ಚೀಟಿಯನ್ನು ಅಂಟಿಸಿ, ಕಚೇರಿಯ ಸಂದೇಶಗಳು ಬೇರೆ, ವಿದ್ಯಾರ್ಥಿನಿಲಯದ ಸಂದೇಶಗಳು ಬೇರೆಯಾಗಿ ಹರಿಯುವಂತೆ ಮಾಡುವ ಏರ್ಪಾಡು ಇದು. ೧೯೯೮ರಲ್ಲಿ ಇದಕ್ಕೊಂದು ಸರ್ವಸಮ್ಮತ ನಿಯಮ ಬಂದಿತು. ಚೀಟಿಯ ಕ್ರಮಾಂಕಕ್ಕೆ ೧೨ ಬಿಟ್ಟುಗಳು. ಬಳಕೆಗೆ ಸಿಗುವ ಕ್ರಮಾಂಕಗಳು ೪೦೯೪. ಸಾಮಾನ್ಯವಾಗಿ ಸ್ವಿಚ್ಚು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವಾಗ ಮ್ಯಾಕ್ ವಿಳಾಸವೊಂದನ್ನೇ ಬರೆಯುವುದಿಲ್ಲ. ವಿ-ಲ್ಯಾನಿನ ಕ್ರಮಾಂಕವನ್ನೂ ಮ್ಯಾಕ್ ವಿಳಾಸವನ್ನೂ ಜೊತೆಯಾಗಿ ಬರೆಯುತ್ತದೆ. ಇದರ ಪ್ರಯೋಜನವನ್ನು ನಮ್ಮ ಕಡೆಯ ರೈತರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಮನೆಯಲ್ಲಿ ಪಹಣಿಯನ್ನು ಓದಿ ಹೇಳುವವನು ನಾನೇ ಆದುದರಿಂದ ಈ ಸಾಮ್ಯ ನನಗೆ ಬೇಗನೆ ಹೊಳೆಯಿತು. ಸರ್ವೆ ನಂಬರು ೪೫ ಎಂಬುದು ನಮ್ಮ ಗ್ರಾಮದಲ್ಲಿಯೂ ಇದೆ, ಪಕ್ಕದ ಗ್ರಾಮದಲ್ಲಿಯೂ ಇದೆ. ಗ್ರಾಮದ ಹೆಸರೂ ಸರ್ವೆ ನಂಬರೂ ಎರಡೂ ಇದ್ದರೆ ಯಾವ ತಕರಾರೂ ಏಳುವುದಿಲ್ಲ. ಗ್ರಾಮದ ಅಂಕಣವೇ ಇಲ್ಲದ ಪುಸ್ತಕವೊಂದನ್ನು ಯಾರಾದರೂ ತಾಲ್ಲೂಕು ಕಚೇರಿಯಲ್ಲಿ ಇಟ್ಟರೆಂದು ಊಹಿಸಿಕೊಳ್ಳಿ: ನಮ್ಮ ಗ್ರಾಮದ ರೈತನು ಹೋದಾಗ ೪೫ನೆಯ ನಂಬರು ಅವನ ಹೆಸರಿಗೆ ಏರುತ್ತದೆ, ಮಧ್ಯಾಹ್ನ ಪಕ್ಕದ ಗ್ರಾಮದವನು ಹೋದಾಗ ಅದು ಹೊಡೆದುಹಾಕಲ್ಪಟ್ಟು ಇವನ ಹೆಸರಿಗೆ ಬರುತ್ತದೆ.

ನಿಸ್ತಂತು ಜಾಲದ ನಿಯಂತ್ರಕವು, ಅಂದರೆ ವೈಫೈ ಕಂಟ್ರೋಲರು, ಬಹುಮಟ್ಟಿಗೆ ಇಂತಹ ಪುಸ್ತಕವನ್ನೇ ಇಡುತ್ತದೆ. ಇದು ತಯಾರಕರ ಅವಿವೇಕವೆಂದು ಯಾರೂ ಭಾವಿಸಬಾರದು. ದೊಡ್ಡ ಆವರಣದಲ್ಲಿ ಗೋಡೆಗೋಡೆಗೂ ಆಕ್ಸೆಸ್ ಪಾಯಿಂಟ್ ಎಂಬ ಸಣ್ಣ ಪೆಟ್ಟಿಗೆಗಳಿರುತ್ತವೆ. ಇವೆಲ್ಲವನ್ನೂ ಒಂದೆಡೆ ಕುಳಿತು ಆಳುವುದು ಕಂಟ್ರೋಲರು. ವಿದ್ಯಾರ್ಥಿಯೊಬ್ಬನು ಮೊಬೈಲನ್ನು ಕೈಯಲ್ಲಿ ಹಿಡಿದು ಗ್ರಂಥಾಲಯದಿಂದ ಕ್ಯಾಂಟೀನಿಗೆ ನಡೆದುಹೋಗುವಾಗ ಮೂರು ನಾಲ್ಕು ಪೆಟ್ಟಿಗೆಗಳ ಎಲ್ಲೆಯನ್ನು ದಾಟುತ್ತಾನೆ. ಪ್ರತಿ ಎಲ್ಲೆಯಲ್ಲಿಯೂ ಅವನನ್ನು ಹೊಸಬನೆಂದು ತಡೆದು ವಿಚಾರಿಸಿದರೆ ಮಾತು ಕಡಿದುಹೋಗುತ್ತದೆ. ಹಾಗಾಗದಿರಲೆಂದೇ ‘ಈ ಮ್ಯಾಕ್ ವಿಳಾಸದವನು ಈಗ ಇಲ್ಲಿದ್ದಾನೆ’ ಎಂದು ಒಂದೇ ಸಾಲನ್ನು ಇಟ್ಟುಕೊಂಡು, ಅವನು ನಡೆದಂತೆಲ್ಲ ಆ ಸಾಲನ್ನು ತಿದ್ದುತ್ತ ಹೋಗುತ್ತದೆ. ಮನುಷ್ಯನು ನಡೆದಾಡುವ ಪ್ರಾಣಿಯಾದುದರಿಂದ ಈ ಕ್ರಮ ಸರಿಯೇ. ಎಲ್ಲ ತಯಾರಕರ ಕಂಟ್ರೋಲರುಗಳೂ ಅಕ್ಷರಶಃ ಒಂದೇ ಬಗೆಯಲ್ಲಿ ನಡೆಯುತ್ತವೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಮ್ಯಾಕ್ ವಿಳಾಸಕ್ಕೆ ಒಂದು ಸಾಲು ಎಂಬುದು ಅವುಗಳಲ್ಲಿ ಸಾಮಾನ್ಯವಾದ ನಡವಳಿಕೆ. ಈ ಸಾಲಿಗೆ ಇಬ್ಬರು ಹಕ್ಕುದಾರರು ಬಂದರೆ ಮಾತ್ರ ಕಷ್ಟ.

ಇನ್ನು ಪ್ರಕೃತ ಸಂಗತಿಗೆ ಬರುತ್ತೇನೆ. ನಮ್ಮ ಆವರಣದಲ್ಲಿ ಕಚೇರಿಗೆ ೧೦ನೆಯ ವಿ-ಲ್ಯಾನ್, ಕಂಪ್ಯೂಟರ್ ಕೊಠಡಿಗೆ ೨೦, ವಿದ್ಯಾರ್ಥಿನಿಲಯಕ್ಕೆ ೩೦. ಮೂರಕ್ಕೂ ಬೇರೆ ಬೇರೆ ವೈಫೈ ಹೆಸರು, ಬೇರೆ ಬೇರೆ ಗುಪ್ತಪದ. ಕಳೆದ ವರ್ಷ ಪರೀಕ್ಷೆಗೆ ಮುಂಚಿನ ಓದಿನ ರಜೆಯಲ್ಲಿ, ಕಚೇರಿಯ ವಿದ್ಯಾರ್ಥಿವೇತನದ ಮೇಜಿನ ಮೇಲಿದ್ದ ಕಂಪ್ಯೂಟರು ಗಳಿಗೆಗೊಮ್ಮೆ ಜಾಲವನ್ನು ಕಳೆದುಕೊಳ್ಳತೊಡಗಿತು. ಅರ್ಜಿಗಳನ್ನು ಪರಿಶೀಲಿಸಿ ಒಪ್ಪಿಗೆಯ ಗುರುತು ಹಾಕಲು ನಾಲ್ಕೇ ದಿನಗಳಿದ್ದವು. ಇನ್ನೂರಕ್ಕೂ ಹೆಚ್ಚು ಅರ್ಜಿಗಳು ಉಳಿದಿದ್ದವು. ಅದೇ ಕಾಲಕ್ಕೆ ವಿದ್ಯಾರ್ಥಿನಿಲಯದ ಓದುವ ಕೊಠಡಿಯ ಕಂಪ್ಯೂಟರೂ ಹಾಗೆಯೇ ಬಿಟ್ಟುಬಿಟ್ಟು ನಡೆಯುತ್ತಿತ್ತು. ಆದರೆ ವಿದ್ಯಾರ್ಥಿಗಳ ದೂರನ್ನು ಯಾರು ಕೇಳುತ್ತಾರೆ!

ಕಂಟ್ರೋಲರಿನ ದಿನಚರಿಯನ್ನು ತೆಗೆದು ನೋಡಿದ ತಂತ್ರಜ್ಞರಿಗೆ ಒಂದು ಮಾತು ಮತ್ತೆ ಮತ್ತೆ ಕಂಡಿತು: ೧೦ನೆಯ ವಿ-ಲ್ಯಾನಿನಲ್ಲಿದ್ದ ಮ್ಯಾಕ್ ವಿಳಾಸವೇ ೩೦ರಲ್ಲಿಯೂ ಕಾಣಿಸಿಕೊಂಡಿದೆ. ಇದನ್ನು ಓದಿದವರು ಕೂಡಲೇ, ವಿದ್ಯಾರ್ಥಿನಿಲಯದಲ್ಲಿ ಯಾರೋ ಕಚೇರಿಯ ಯಂತ್ರದ ವಿಳಾಸವನ್ನು ನಕಲು ಮಾಡಿ ಒಳನುಗ್ಗಲು ಯತ್ನಿಸುತ್ತಿದ್ದಾರೆಂದು ನಿರ್ಧರಿಸಿಬಿಟ್ಟರು. ಓದುವ ಕೊಠಡಿಯ ಯಂತ್ರವನ್ನು ನೋಡಿಕೊಳ್ಳುತ್ತಿದ್ದವನು ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿ. ಹಾಳಾಗಿ ಬಿದ್ದಿದ್ದ ಅದನ್ನು ತನ್ನ ಕೈಯಿಂದಲೇ ರಿಪೇರಿ ಮಾಡಿ ನಿಲ್ಲಿಸಿದವನು ಅವನು. ಸಂಶಯ ಅವನ ಮೇಲೆಯೇ ಬಿದ್ದಿತು; ಏಕೆಂದರೆ ಅಷ್ಟು ಬಲ್ಲವನು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವನಿಗೆ ಕೊಡಬೇಕಾದ ನೋಟೀಸು ಸಿದ್ಧವಾಯಿತು. ವಿದ್ಯೆಯೇ ಸಂಶಯಕ್ಕೆ ಕಾರಣವಾದರೆ ಅದನ್ನು ಕಲಿಯುವವರಾರು?

ಜೊತೆಗೆ ಆ ಮ್ಯಾಕ್ ವಿಳಾಸವನ್ನು ನಿಷೇಧದ ಪಟ್ಟಿಗೆ ಸೇರಿಸಲಾಯಿತು. ಇಲ್ಲಿ ನಡೆದುದು ನಗುವಂತಹದು. ನಿಷೇಧದ ಪಟ್ಟಿಯಲ್ಲಿಯೂ ಇರುವುದು ಮ್ಯಾಕ್ ವಿಳಾಸವೊಂದೇ. ಅಲ್ಲಿ ವಿ-ಲ್ಯಾನಿನ ಅಂಕಣವಿರಲಿಲ್ಲ. ಓದುವ ಕೊಠಡಿಯ ಯಂತ್ರ ನಿಂತಿತು. ಅದರೊಡನೆ ವಿದ್ಯಾರ್ಥಿವೇತನದ ಯಂತ್ರವೂ ನಿಂತಿತು. ಮೊದಲು ಗಳಿಗೆಗೊಮ್ಮೆಯಾದರೂ ನಡೆಯುತ್ತಿದ್ದ ಕೆಲಸ ಅಂದು ಇಡೀ ದಿನ ನಡೆಯಲಿಲ್ಲ.

ಮರುದಿನ ನಿಷೇಧವನ್ನು ತೆಗೆಸಿದ ಮೇಲೆ, ಕಂಪ್ಯೂಟರ್ ಕೊಠಡಿಯ ಮೇಲ್ವಿಚಾರಕರು ನನ್ನನ್ನು ಕರೆದು, ‘ನೀನು ಸಂಶೋಧನೆ ಏನೂ ಮಾಡಬೇಡ; ಏನೇನು ಯಾವಾಗ ಆಗುತ್ತದೆಯೋ ಅದನ್ನು ಬರೆದಿಡು’ ಎಂದರು. ನನಗೆ ಇದು ಪರಿಚಿತವಾದ ಕೆಲಸವೇ. ಬಾದಾಮಿಯಲ್ಲಿಯೂ ಕಲ್ಯಾಣದಲ್ಲಿಯೂ ಆಳಿದ ಚಾಲುಕ್ಯರಲ್ಲಿ ವಿಕ್ರಮಾದಿತ್ಯನೆಂಬ ಹೆಸರಿನವರು ಆರು ಮಂದಿ. ಕ್ರಿ.ಶ. ೬೫೫ರಲ್ಲಿ ಪಟ್ಟಕ್ಕೆ ಬಂದವನೂ ೧೦೭೬ರಲ್ಲಿ ಪಟ್ಟಕ್ಕೆ ಬಂದವನೂ ಒಂದೇ ಹೆಸರಿನವರೆಂದು, ಒಬ್ಬನೇ ಅರಸನು ನಾನೂರು ವರ್ಷ ಬಾಳಿದನೆಂದು ಯಾವ ಇತಿಹಾಸಕಾರನೂ ಬರೆಯುವುದಿಲ್ಲ. ಒಬ್ಬನು ಇನ್ನೊಬ್ಬನ ಹೆಸರನ್ನು ಕದ್ದನೆಂದೂ ಬರೆಯುವುದಿಲ್ಲ. ಹೆಸರಿನ ಪಕ್ಕದಲ್ಲಿ ಸ್ಥಳವನ್ನೂ ಕಾಲವನ್ನೂ ಇಟ್ಟು ನೋಡುತ್ತಾನೆ. ನಾವೂ ಅದನ್ನೇ ಮಾಡಿದೆವು.

ಮೊದಲು ಕೇಳಬೇಕಾದ ಪ್ರಶ್ನೆ, ಎರಡು ವಿ-ಲ್ಯಾನುಗಳಲ್ಲಿಯೂ ಕಾಣುತ್ತಿರುವ ಸಂಖ್ಯೆ ಒಂದೋ ಹಲವೋ ಎಂಬುದು. ಯಾರಾದರೂ ಎರಡು ಜಾಲಗಳ ತಂತಿಗಳನ್ನು ತಿಳಿಯದೆ ಒಂದಕ್ಕೊಂದು ಸೇರಿಸಿದ್ದರೆ, ಅಥವಾ ಲ್ಯಾಪ್‌ಟಾಪೊಂದು ಒಂದು ಕೈಯಲ್ಲಿ ತಂತಿಯನ್ನೂ ಇನ್ನೊಂದು ಕೈಯಲ್ಲಿ ವೈಫೈಯನ್ನೂ ಹಿಡಿದು ನಡುವೆ ಸೇತುವೆಯಾಗಿ ನಿಂತಿದ್ದರೆ, ಒಂದು ಜಾಲದ ಸಂಖ್ಯೆಗಳು ಹಿಂಡುಹಿಂಡಾಗಿ ಇನ್ನೊಂದರಲ್ಲಿ ಕಾಣಿಸುತ್ತವೆ. ಇದು ಸೋರಿಕೆ. ಆಗ ಯಂತ್ರಗಳನ್ನು ಬಿಟ್ಟು ತಂತಿಗಳನ್ನು ಹುಡುಕಬೇಕು. ಮುಖ್ಯ ಸ್ವಿಚ್ಚಿನ ಪುಸ್ತಕವನ್ನು ತೆಗೆದು ನೋಡಿದೆವು. ರೌಟರಿನ ವಿಳಾಸವು ಮೂರು ವಿ-ಲ್ಯಾನುಗಳಲ್ಲಿಯೂ ಇತ್ತು, ಅದು ಇರತಕ್ಕದ್ದೇ. ಅದನ್ನು ಬಿಟ್ಟರೆ ಜೋಡಿಯಾಗಿ ಕಂಡುದು ಈ ಒಂದೇ ಒಂದು ಸಂಖ್ಯೆ. ಆದುದರಿಂದ ಸೋರಿಕೆಯ ಮಾತನ್ನು ಬಿಟ್ಟೆವು.

ಎರಡನೆಯದು, ಆ ಸಂಖ್ಯೆ ಎಂತಹದು? ಇತ್ತೀಚಿನ ಮೊಬೈಲುಗಳು ತಮ್ಮ ನಿಜವಾದ ವಿಳಾಸವನ್ನು ಮುಚ್ಚಿಟ್ಟು, ವೈಫೈ ಹೆಸರೊಂದಕ್ಕೆ ಒಂದರಂತೆ ಕೃತಕವಾದ ವಿಳಾಸವನ್ನು ಹುಟ್ಟಿಸಿಕೊಳ್ಳುತ್ತವೆ. ಆಂಡ್ರಾಯ್ಡ್‌ನಲ್ಲಿ ೨೦೧೯ರ ಹತ್ತನೆಯ ಆವೃತ್ತಿಯಿಂದ, ಆಪಲ್ ಫೋನುಗಳಲ್ಲಿ ೨೦೨೦ರ ಹದಿನಾಲ್ಕನೆಯ ಆವೃತ್ತಿಯಿಂದ ಇದು ಸಾಮಾನ್ಯವಾಯಿತು. ಇಂತಹ ಸಂಖ್ಯೆಯನ್ನು ಗುರುತಿಸುವುದು ಸುಲಭ: ಹನ್ನೆರಡು ಅಂಕಗಳಲ್ಲಿ ಎರಡನೆಯದು ೨, ೬, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ತಯಾರಕನು ಕೊಟ್ಟ ಸಂಖ್ಯೆಯಲ್ಲ, ಸ್ಥಳೀಯವಾಗಿ ಇಟ್ಟುಕೊಂಡದ್ದು. ಇಂತಹ ಎರಡು ಕೃತಕ ಸಂಖ್ಯೆಗಳು ಆಕಸ್ಮಿಕವಾಗಿ ಒಂದೇ ಆಗಿಬಿಡಬಹುದಲ್ಲವೇ ಎಂದು ಗೆಳೆಯನೊಬ್ಬ ಕೇಳಿದ. ಇದರಲ್ಲಿ ಸ್ವತಂತ್ರವಾಗಿ ಆರಿಸಬಹುದಾದ ಬಿಟ್ಟುಗಳು ೪೬. ಆವರಣದಲ್ಲಿ ೬೦೦ ಫೋನುಗಳಿವೆಯೆಂದಿಟ್ಟುಕೊಂಡರೂ ಯಾವುದಾದರೂ ಎರಡು ಒಂದೇ ಆಗುವ ಸಂಭವ ಸುಮಾರು ೩೯ ಕೋಟಿಯಲ್ಲಿ ಒಂದು. ನಮ್ಮ ಸಂಖ್ಯೆಯ ಎರಡನೆಯ ಅಂಕ ಸೊನ್ನೆಯಾಗಿತ್ತು. ಎಂದರೆ ಅದು ಕಾರ್ಖಾನೆಯ ಬಗೆಯ ಸಂಖ್ಯೆ. ಇಷ್ಟರಿಂದ ನಕಲಿನ ಆರೋಪ ಬಿದ್ದುಹೋಗುವುದಿಲ್ಲ; ನಕಲು ಮಾಡುವವನು ಕಾರ್ಖಾನೆಯ ಸಂಖ್ಯೆಯನ್ನೂ ನಕಲು ಮಾಡಬಲ್ಲ. ಆದರೆ ಒಂದು ವಿಚಿತ್ರ ಅಲ್ಲಿಯೇ ಕಣ್ಣಿಗೆ ಬಿದ್ದಿತು. ಆ ಸಂಖ್ಯೆಯ ಕೊನೆಯ ನಾಲ್ಕು ಅಂಕಗಳೂ ಸೊನ್ನೆಗಳಾಗಿದ್ದವು. ಕಾರ್ಖಾನೆಯು ಕ್ರಮವಾಗಿ ಕೊಟ್ಟ ಸಂಖ್ಯೆ ಹೀಗೆ ಸೊನ್ನೆಗಳ ಸಾಲಾಗಿ ಬರುವುದು ಅಪರೂಪ. ಇದನ್ನು ಗುರುತು ಹಾಕಿಕೊಂಡು ಮುಂದೆ ಹೋದೆವು.

ಮೂರನೆಯ ಪ್ರಶ್ನೆಯೇ ಮುಖ್ಯವಾದುದು: ಇದು ಓಡಾಡುವ ಒಬ್ಬನೋ, ಏಕಕಾಲದಲ್ಲಿರುವ ಇಬ್ಬರೋ? ಇಲ್ಲಿ ಅವಸರಪಡಬಾರದು. ಸ್ವಿಚ್ಚಿನ ಪುಸ್ತಕದಲ್ಲಿ ಬರೆದ ಸಾಲು ಯಂತ್ರ ಹೋದ ಕೂಡಲೇ ಅಳಿಯುವುದಿಲ್ಲ. ಸಾಮಾನ್ಯವಾಗಿ ೩೦೦ ಸೆಕೆಂಡುಗಳ ಕಾಲ ಉಳಿದಿರುತ್ತದೆ. ಲ್ಯಾಪ್‌ಟಾಪನ್ನು ಕಚೇರಿಯಿಂದ ವಿದ್ಯಾರ್ಥಿನಿಲಯಕ್ಕೆ ಒಯ್ದವನು ಐದು ನಿಮಿಷಗಳವರೆಗೆ ಎರಡು ಕಡೆಯೂ ಇದ್ದಂತೆ ತೋರಬಹುದು. ಆದುದರಿಂದ ಪುಸ್ತಕದಲ್ಲಿರುವುದನ್ನು ಬಿಟ್ಟು ನಡೆಯುತ್ತಿರುವುದನ್ನು ನೋಡಬೇಕು. ನಾನು ಕಂಟ್ರೋಲರಿನ ಪರದೆಯ ಮುಂದೆ ಗಡಿಯಾರವಿಟ್ಟುಕೊಂಡು ಕುಳಿತೆ. ಬೆಳಿಗ್ಗೆ ೧೦ ಗಂಟೆ ೧೨ ನಿಮಿಷಕ್ಕೆ ಆ ಸಾಲು ಕಚೇರಿಯ ಪೆಟ್ಟಿಗೆಯ ಹೆಸರಿನಲ್ಲಿತ್ತು. ಕೆಲವೇ ಸೆಕೆಂಡುಗಳಲ್ಲಿ ವಿದ್ಯಾರ್ಥಿನಿಲಯದ ಪೆಟ್ಟಿಗೆಗೆ ಹೋಯಿತು. ಅರ್ಧ ನಿಮಿಷದೊಳಗೆ ಹಿಂದಕ್ಕೆ ಬಂದಿತು. ಹೀಗೆ ಒಂದು ಗಂಟೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಬಾರಿ. ಎರಡು ಕಟ್ಟಡಗಳ ನಡುವೆ ಇನ್ನೂರು ಮೀಟರುಗಳಿಗೆ ಕಡಿಮೆಯಿಲ್ಲ. ಅದಕ್ಕಿಂತ ಮಿಗಿಲಾದ ಸಾಕ್ಷ್ಯವೆಂದರೆ ಅಲೆಗಳ ಬಲ: ಕಚೇರಿಯಲ್ಲಿ ಋಣ ೪೬, ವಿದ್ಯಾರ್ಥಿನಿಲಯದಲ್ಲಿ ಋಣ ೫೧. ಎರಡೂ ಪೆಟ್ಟಿಗೆಗಳು ಅದನ್ನು ಹತ್ತಿರದಿಂದ, ಸ್ಪಷ್ಟವಾಗಿ ಕೇಳುತ್ತಿದ್ದವು. ಒಬ್ಬನೇ ಮನುಷ್ಯ ಒಂದೇ ಗಳಿಗೆಯಲ್ಲಿ ಎರಡು ಮನೆಗಳ ಬಾಗಿಲಲ್ಲಿ ನಿಂತು ಮಾತನಾಡಲಾರ.

ಒಳಗೆ ನಡೆಯುತ್ತಿದ್ದುದು ಆಗ ವಿಶದವಾಯಿತು. ವಿದ್ಯಾರ್ಥಿನಿಲಯದ ಯಂತ್ರವು ಜಾಲವನ್ನು ಸೇರಿದೊಡನೆ ಕಂಟ್ರೋಲರು, ‘ಓಹೋ, ಕಚೇರಿಯವನು ಅಲ್ಲಿಗೆ ಹೋದ’ ಎಂದು ತಿಳಿದು, ಕಚೇರಿಯ ಸಾಲನ್ನು ಹೊಡೆದುಹಾಕಿ, ಕಚೇರಿಯ ಪೆಟ್ಟಿಗೆಗೆ ಅವನನ್ನು ಬಿಟ್ಟುಬಿಡುವಂತೆ ಹೇಳುತ್ತದೆ. ಏನೂ ಅರಿಯದ ಕಚೇರಿಯ ಯಂತ್ರ ಮಾತು ಮುಂದುವರಿಸಿದರೆ ಪೆಟ್ಟಿಗೆಯು ‘ನೀನು ನಮ್ಮವನಲ್ಲ’ ಎಂದು ಹೊರಗೆ ಹಾಕುತ್ತದೆ. ವೈಫೈ ನಿಯಮಾವಳಿಯಲ್ಲಿ ಇದಕ್ಕೆ ೭ನೆಯ ಕಾರಣಸಂಖ್ಯೆ ಎಂಬ ಗುರುತಿದೆ. ದಿನಚರಿಯಲ್ಲಿ ಈ ಏಳು ಸಾಲುಸಾಲಾಗಿ ಕಂಡರೆ ಜೋಡಿ ವಿಳಾಸವೂ ಒಂದು ಕಾರಣವಿರಬಹುದೆಂದು ಅನುಮಾನಿಸಬಹುದು. ಹೊರಬಿದ್ದ ಯಂತ್ರ ಮತ್ತೆ ಸೇರುತ್ತದೆ. ಆಗ ವಿದ್ಯಾರ್ಥಿನಿಲಯದ ಸಾಲು ಹಾರಿಹೋಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆಯೇ ದಿನವಿಡೀ ಒಬ್ಬರನ್ನೊಬ್ಬರು ಹೊರದೂಡುತ್ತಿರುತ್ತಾರೆ. ಈ ತೊಂದರೆ ಹಿಂದೆ ಕಾಣದೆ ಈಗ ಮಾತ್ರ ಕಂಡುದಕ್ಕೂ ಉತ್ತರ ದೊರೆಯಿತು. ಓದುವ ಕೊಠಡಿ ಎಂದಿನ ದಿನಗಳಲ್ಲಿ ಬಾಗಿಲು ತೆರೆಯುವುದು ಸಂಜೆ ಆರು ಗಂಟೆಗೆ. ಅಷ್ಟರಲ್ಲಿ ಕಚೇರಿ ಮುಚ್ಚಿರುತ್ತದೆ. ಓದಿನ ರಜೆಯಲ್ಲಿ ಮಾತ್ರ ಅದು ಹಗಲೆಲ್ಲ ತೆರೆದಿತ್ತು.

ಇನ್ನು ನಕಲಿನ ಪ್ರಶ್ನೆ. ಇದನ್ನು ತರ್ಕದಿಂದಲೇ ಅರ್ಧ ತೀರಿಸಬಹುದಾಗಿತ್ತು. ಓದುವ ಕೊಠಡಿಯ ಯಂತ್ರ ಸೇರಿದ್ದು ವಿದ್ಯಾರ್ಥಿನಿಲಯದ ವೈಫೈಯನ್ನು, ವಿದ್ಯಾರ್ಥಿನಿಲಯದ ಗುಪ್ತಪದದಿಂದ. ಕಚೇರಿಯ ಜಾಲಕ್ಕೆ ಅದು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಕಚೇರಿಯ ವಿಳಾಸವನ್ನು ನಕಲು ಮಾಡಿದರೂ ಆ ಗುಪ್ತಪದವಿಲ್ಲದೆ ಅಲ್ಲಿ ಪ್ರವೇಶವಿಲ್ಲ. ಹಾಗಾದರೆ ಈ ನಕಲಿನಿಂದ ಲಾಭವೇನು? ಕಳ್ಳನೊಬ್ಬನು ಅಮಲ್ದಾರರ ಅಂಗಿಯನ್ನು ತೊಟ್ಟುಕೊಂಡು ತನ್ನ ಮನೆಗೇ ಹೋಗಿ ಮಲಗಿದಂತಾಯಿತು. ಆದರೆ ತರ್ಕವೊಂದರಿಂದ ನೋಟೀಸು ಹಿಂದಕ್ಕೆ ಹೋಗುವುದಿಲ್ಲ, ಪ್ರಯೋಗ ಬೇಕು. ಐ.ಪಿ. ವಿಳಾಸಗಳನ್ನು ಹಂಚುವ ಡಿ.ಎಚ್.ಸಿ.ಪಿ. ಪುಸ್ತಕವನ್ನು ನೋಡಿದೆವು. ಒಂದೇ ಮ್ಯಾಕ್ ವಿಳಾಸಕ್ಕೆ ಎರಡು ಜಾಲಗಳಲ್ಲಿ ಎರಡು ಐ.ಪಿ. ವಿಳಾಸಗಳು; ಯಂತ್ರಗಳು ಹೇಳಿಕೊಂಡ ಹೆಸರುಗಳು ಮಾತ್ರ ಬೇರೆ ಬೇರೆ. ಮರೆಮಾಚುವ ಉದ್ದೇಶವಿದ್ದವನು ತನ್ನ ಯಂತ್ರದ ಹೆಸರನ್ನು ‘ಓದುವ ಕೊಠಡಿ’ ಎಂದು ಹಾಗೆಯೇ ಬಿಡುತ್ತಾನೆಯೇ?

ನಿರ್ಣಾಯಕವಾದ ಪರೀಕ್ಷೆ ಬಹಳ ಸರಳ. ಎರಡು ಯಂತ್ರಗಳೂ ಹಳೆಯ ಮೇಜಿನ ಕಂಪ್ಯೂಟರುಗಳು. ಅವುಗಳಿಗೆ ಹುಟ್ಟಿನಿಂದ ವೈಫೈ ಇಲ್ಲ. ಎರಡಕ್ಕೂ ಬೆರಳಿನ ತುದಿಯಷ್ಟಿರುವ, ಹೆಸರು ಕುಲವಿಲ್ಲದ ಅಗ್ಗದ ಯು.ಎಸ್.ಬಿ. ವೈಫೈ ಅಡಾಪ್ಟರನ್ನು ಚುಚ್ಚಿದ್ದರು. ನಕಲು ಮಾಡಿದ ವಿಳಾಸವು ಸಾಮಾನ್ಯವಾಗಿ ಕಂಪ್ಯೂಟರಿನ ವಿಂಡೋಸ್ ಸೆಟ್ಟಿಂಗಿನಲ್ಲಿ ಇರುತ್ತದೆ. ಹುಟ್ಟಿನ ವಿಳಾಸವು ಅಡಾಪ್ಟರಿನಲ್ಲಿ ಇರುತ್ತದೆ. ಆದುದರಿಂದ ಅಡಾಪ್ಟರನ್ನು ಕಿತ್ತು ಅದು ಎಂದೂ ಕಾಣದ ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ, ವಿಳಾಸ ಅದರೊಡನೆ ಬಂದಿತೋ ಹಳೆಯ ಯಂತ್ರದಲ್ಲೇ ಉಳಿಯಿತೋ ತಿಳಿಯುತ್ತದೆ. ಕಚೇರಿಯ ಯಂತ್ರವನ್ನು ಆರಿಸಿ, ಓದುವ ಕೊಠಡಿಯ ಅಡಾಪ್ಟರನ್ನು ನಮ್ಮ ಕೊಠಡಿಯ ಕಂಪ್ಯೂಟರಿಗೆ ಹಾಕಿ ‘ಗೆಟ್‌ಮ್ಯಾಕ್’ ಎಂಬ ಆಜ್ಞೆಯನ್ನು ಕೊಟ್ಟೆವು. ಸೊನ್ನೆಗಳ ಬಾಲದ ಅದೇ ಸಂಖ್ಯೆ ಬಂದಿತು. ಓದುವ ಕೊಠಡಿಯ ಯಂತ್ರಕ್ಕೆ ಬೇರೆ ಅಡಾಪ್ಟರನ್ನು ಹಾಕಿದಾಗ ಅಲ್ಲಿ ಬೇರೆ ಸಂಖ್ಯೆ ಕಂಡಿತು.

ಚಿಪ್ಪಿನೊಳಗಿನ ಸಂಖ್ಯೆಯನ್ನೇ ತಿದ್ದುವ ಉಪಾಯಗಳೂ ಉಂಟಲ್ಲ ಎಂದು ತಂತ್ರಜ್ಞರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೇ. ಮೇಲ್ವಿಚಾರಕರು ಬೀರುವನ್ನು ತೆಗೆದು, ಅದೇ ದಿನ ಅದೇ ಅಂಗಡಿಯಿಂದ ತಂದು ಇನ್ನೂ ಪೊಟ್ಟಣ ಒಡೆಯದೆ ಇಟ್ಟಿದ್ದ ಎರಡು ಅಡಾಪ್ಟರುಗಳನ್ನು ಮೇಜಿನ ಮೇಲಿಟ್ಟರು. ಎಲ್ಲರ ಎದುರಿನಲ್ಲಿ ಪೊಟ್ಟಣ ಒಡೆದು ಒಂದಾದ ಮೇಲೊಂದನ್ನು ಹಾಕಿದೆವು. ಎರಡರಲ್ಲಿಯೂ ಅದೇ ಸಂಖ್ಯೆ! ಕಾರ್ಖಾನೆಯು ಒಂದೊಂದು ಉಪಕರಣಕ್ಕೂ ಬೇರೆ ಸಂಖ್ಯೆಯನ್ನು ಬರೆಯುವ ಶ್ರಮವನ್ನು ಉಳಿಸಿಕೊಂಡು, ಮಾದರಿಗೆಂದು ಇದ್ದ ಸಂಖ್ಯೆಯನ್ನೇ ಎಲ್ಲಕ್ಕೂ ಬಿಟ್ಟಿತ್ತು. ಅಗ್ಗದ ಉಪಕರಣಗಳಲ್ಲಿ ಇದು ಬೇರೆಡೆಯೂ ಕಂಡುಬಂದಿರುವ ದೋಷವೇ. ೨೮೧ ಲಕ್ಷ ಕೋಟಿ ಹೆಸರುಗಳಿದ್ದರೇನು, ನಾಮಕರಣ ಮಾಡುವವನು ಸೋಮಾರಿಯಾದರೆ ಊರಿಗೆಲ್ಲ ಒಂದೇ ಹೆಸರು. ಅಂದೇ ಸಂಜೆ ನೋಟೀಸನ್ನು ಹರಿದುಹಾಕಲಾಯಿತು. ಆ ವಿದ್ಯಾರ್ಥಿಗೆ ಯಾರಾದರೂ ಎರಡು ಮಾತು ಹೇಳಿದ್ದರೆ ಚೆನ್ನಾಗಿತ್ತೆಂದು ನನ್ನ ಅಭಿಪ್ರಾಯ, ಯಾರೂ ಹೇಳಲಿಲ್ಲ.

ಪರಿಹಾರದ ಮಾತು ಸಂಕ್ಷೇಪವಾಗಿ ಹೇಳಿದರೆ ಸಾಕು. ಸರಿಯಾದ ಪರಿಹಾರವೆಂದರೆ ಅಂತಹ ಅಡಾಪ್ಟರನ್ನು ಬಿಸುಟು ಒಳ್ಳೆಯದನ್ನು ಕೊಳ್ಳುವುದು. ಸರಕಾರಿ ಕಾಲೇಜಿನಲ್ಲಿ ಖರೀದಿಗೆ ಮಂಜೂರಾತಿ ಬೇಕು, ಅರ್ಜಿಗಳಿಗೆ ಉಳಿದಿದ್ದುದು ಎರಡೇ ದಿನ. ಆದುದರಿಂದ ಎರಡರಲ್ಲಿ ಒಂದಕ್ಕೆ ಸ್ಥಳೀಯ ವಿಳಾಸವನ್ನು ಕೊಟ್ಟೆವು. ವಿಂಡೋಸಿನಲ್ಲಿ ಅಡಾಪ್ಟರಿನ ಗುಣಲಕ್ಷಣಗಳ ಪುಟದಲ್ಲಿ ಜಾಲವಿಳಾಸವೆಂಬ ಒಂದು ಸ್ಥಳವಿರುತ್ತದೆ. ಅಲ್ಲಿ ನಮಗೆ ಬೇಕಾದ ಹನ್ನೆರಡು ಅಂಕಗಳನ್ನು ಬರೆಯಬಹುದು. ವೈಫೈ ಅಡಾಪ್ಟರಾದರೆ ಎರಡನೆಯ ಅಂಕ ಮೇಲೆ ಹೇಳಿದ ೨, ೬, ಎ, ಇ ಇವುಗಳಲ್ಲಿ ಒಂದಾಗಿರಬೇಕು. ಇಲ್ಲದಿದ್ದರೆ ವಿಂಡೋಸ್ ಒಪ್ಪುವುದಿಲ್ಲ. ಹೀಗೆ ಓದುವ ಕೊಠಡಿಯ ಯಂತ್ರಕ್ಕೆ ೦೨ರಿಂದ ಆರಂಭವಾಗುವ ಸಂಖ್ಯೆಯೊಂದು ಬಂದಿತು. ಆ ಗಳಿಗೆಯಿಂದ ಕಂಟ್ರೋಲರಿನಲ್ಲಿ ಎರಡು ಸಾಲುಗಳು ಅಕ್ಕಪಕ್ಕದಲ್ಲಿ ನಿಂತವು. ಏಳನೆಯ ಕಾರಣಸಂಖ್ಯೆಯ ಸಾಲು ನಿಂತುಹೋಯಿತು. ವಿದ್ಯಾರ್ಥಿವೇತನದ ಅರ್ಜಿಗಳು ಕೊನೆಯ ದಿನದ ಸಂಜೆಯ ಹೊತ್ತಿಗೆ ಮುಗಿದವು.

ಕಂಟ್ರೋಲರಿನ ಪುಸ್ತಕಕ್ಕೆ ವಿ-ಲ್ಯಾನಿನ ಅಂಕಣವೊಂದನ್ನು ಸೇರಿಸಿಬಿಟ್ಟರೆ ತೊಂದರೆಯೇ ಇರುತ್ತಿರಲಿಲ್ಲವಲ್ಲ ಎಂದು ನಾನು ಮೇಲ್ವಿಚಾರಕರನ್ನು ಕೇಳಿದ್ದುಂಟು. ಅವರ ಉತ್ತರ ನನಗೆ ಸರಿಯೆಂದು ತೋರಿತು: ಆ ಇಬ್ಬರು ಯಾವಾಗಲೂ ಬೇರೆ ಬೇರೆ ಜಾಲಗಳಲ್ಲಿಯೇ ಇರುತ್ತಾರೆಂಬ ಭರವಸೆಯೇನು? ಒಂದೇ ಪೆಟ್ಟಿಗೆಯ ಕೆಳಗೆ ಇಬ್ಬರೂ ಬಂದರೆ, ಗಾಳಿಯಲ್ಲಿ ಬಂದ ಒಂದೇ ಸಂದೇಶಕ್ಕೆ ಇಬ್ಬರೂ ಒಟ್ಟಿಗೆ ‘ತಲುಪಿತು’ ಎಂದು ಉತ್ತರ ಕೊಡುತ್ತಾರೆ. ಗುಪ್ತಲಿಪಿಯ ಕೀಲಿಯೂ ಮ್ಯಾಕ್ ವಿಳಾಸಕ್ಕೆ ಒಂದರಂತೆ ಇರುವುದರಿಂದ ಒಬ್ಬನ ಕೀಲಿ ಇನ್ನೊಬ್ಬನ ಕೀಲಿಯನ್ನು ಅಳಿಸುತ್ತದೆ.

ಸೆಟ್ಟಿಂಗಿನಲ್ಲಿ ಬರೆದ ವಿಳಾಸಕ್ಕೆ ಒಂದು ಕೊರತೆಯಿದೆ. ಕಂಪ್ಯೂಟರಿಗೆ ವಿಂಡೋಸನ್ನು ಹೊಸದಾಗಿ ಹಾಕಿದರೆ ಅದು ಅಳಿದು, ಸೊನ್ನೆಗಳ ಹಳೆಯ ಸಂಖ್ಯೆ ಮತ್ತೆ ತಲೆಯೆತ್ತುತ್ತದೆ. ಅದಕ್ಕಾಗಿ ಓದುವ ಕೊಠಡಿಯ ಯಂತ್ರದ ಪೆಟ್ಟಿಗೆಯ ಮೇಲೆ ಹೊಸ ಸಂಖ್ಯೆಯನ್ನು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದೇವೆ. ಬೀರುವಿನಲ್ಲಿದ್ದ ಎರಡು ಅಡಾಪ್ಟರುಗಳ ಸಂಖ್ಯೆಯನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆದು, ಪಕ್ಕದಲ್ಲಿ ‘ಒಟ್ಟಿಗೆ ಬಳಸತಕ್ಕದ್ದಲ್ಲ’ ಎಂದು ಷರಾ ಹಾಕಲಾಗಿದೆ.